ಜರ್ಮನ್ ಮೇಡಂ ಬಾಯಿ ಬಿಗಿಹಿಡಿದದ್ದು

ಚಳಿ ಆಗಷ್ಟೇ ಕಾಲಿಡುತ್ತಿದ್ದ ದಿನಗಳು, ಸಂಜೆ ದೀಪ ಹಾಕುವ ಹೊತ್ತು. ವಿಶ್ವವಿದ್ಯಾಲಯದ ಮೇಲಿನ ಮಹಡಿಯಲ್ಲಿ ವಿಭಾಗದ ಮುಖ್ಯಸ್ಥರು ಜರ್ಮನ್ ಮೇಡಂ ಅವರನ್ನು ಕರೆಸಿ, ಕುರ್ಚಿ ತೋರಿಸಿ, ಮೆಲ್ಲಗೆ ವಿಷಯಕ್ಕೆ ಬಂದರು. ಮೊದಲ ಹಂತದ ಜರ್ಮನ್‌ಗೆ ಕೋಣೆ ತುಂಬ ಜನ. ಮಧ್ಯಮ ಹಂತಕ್ಕೆ ಬಂದವರು ಮಾತ್ರ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ಪಾಠವನ್ನು ಹೊಸದಾಗಿ ಕಟ್ಟಿ ನೋಡಿ, ಈ ಸಲವೂ ಬೆಂಚು ಖಾಲಿಯಾದರೆ ಆ ತರಗತಿಯನ್ನೇ ಮುಚ್ಚಿಬಿಡೋಣ ಎಂದರು.

ತಲೆ ನರೆಯುವ ತನಕ ಮೇಡಂ ಕಲಿಸಿದ್ದು ಅದನ್ನೇ. ಹಟ ಹಿಡಿದು ಕೂತು ಹಳೆಯ ಪಾಠಗಳನ್ನೆಲ್ಲ ಬದಿಗಿಟ್ಟರು. ಅಲ್ಲಿಗೆ ಬರುವವರು ಹಗಲೆಲ್ಲ ದುಡಿದು ಸಂಜೆ ಕಲಿಯುವವರು. ಅವರವರ ಕೆಲಸವನ್ನೇ ಜರ್ಮನ್‌ನಲ್ಲಿ ಹೇಳಿಕೊಡಲಿ, ಉಳಿದವರು ಕೇಳಿಸಿಕೊಂಡು ಮಾಡಿ ತೋರಿಸಲಿ ಎಂದು ಹೊಸ ಪಾಠ ಹೆಣೆದರು. ಯೋಚನೆಯೇನೋ ಒಳ್ಳೆಯದೇ. ಆದರೂ ತರಗತಿ ತುಟಿ ಪಿಟ್ಟೆನ್ನಲಿಲ್ಲ. ಗಡಿಯಾರ ರಿಪೇರಿಯವನೊಬ್ಬ ಎರಡು ಮಾತು ಆಡಿ ತಡವರಿಸಿದ. ಮುಂದಿನದನ್ನು ಮೇಡಂ ಹೇಳಿಕೊಟ್ಟರು, ಅದರ ಮುಂದಿನದನ್ನೂ ಅವರೇ ಹೇಳಿದರು. ಅವನು ತಲೆಯಾಡಿಸಿ ಕೂತ. ಮರುದಿನ ಬರಲಿಲ್ಲ.

ಮೇಡಂ ಮನೆಗೆ ಬಂದು ಅಕ್ಕನ ಮುಂದೆ ತೋಡಿಕೊಂಡರು. ಬಟಾಣಿ ಸುಲಿಯುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ.

“ನಿನ್ನ ಬಾಯಿಗೆ ಬೀಗ ಇಲ್ಲ ಕಣೇ. ನಾನು ಉಪ್ಪು ಅನ್ನೋಕೆ ಬಾಯಿ ತೆಗೆಯೋದ್ರೊಳಗೆ ಡಬ್ಬಿನೇ ತಂದಿಡ್ತೀಯ. ಇನ್ನು ಅವರು ಯಾಕೆ ಮಾತಾಡ್ತಾರೆ?”

“ತಡವರಿಸೋರನ್ನ ನೋಡ್ಕೊಂಡು ಸುಮ್ಮನಿರೋದು ಹೇಗಕ್ಕ?”

“ಪೆಪ್ಪರ್‌ಮಿಂಟ್ ಹಾಕ್ಕೋ. ಕರಗೋ ತನಕ ಉಸಿರೆತ್ತಬೇಡ. ಕಚ್ಚಿ ನುಂಗಿದ್ರೆ ನನ್ನಾಣೆ.”

ಮೇಡಂ ಗಡಿಯಾರದ ಅಂಗಡಿಗೇ ಹೋಗಿ, ಇನ್ನೊಂದು ಸಲ ಬಂದು ನೋಡಿ ಎಂದು ಅವನನ್ನು ಕರೆದರು. ಮುಂದಿನ ಸರದಿ ನರ್ಸ್ ಒಬ್ಬಳದು. ಹಾಸಿಗೆ ಹಿಡಿದ ರೋಗಿಯನ್ನು ಮಗ್ಗುಲಿಗೆ ಹೊರಳಿಸುವುದನ್ನು ಅವಳು ಹೇಳಿಕೊಡಬೇಕು. ಗಡಿಯಾರದವನೇ ರೋಗಿಯಾಗಿ ಮೇಜಿನ ಮೇಲೆ ಮಲಗಿದ, ಅವನನ್ನು ಹೊರಳಿಸಲು ಇಬ್ಬರು ಪಕ್ಕದಲ್ಲಿ ನಿಂತರು. ಮೊಣಕಾಲು ಮಡಿಸಿ ಎನ್ನುವವರೆಗೆ ಸಲೀಸಾಗಿ ಬಂತು. ಭುಜದ ಹತ್ತಿರ ನರ್ಸ್‌ಗೆ ಮಾತು ಸಿಕ್ಕಿಕೊಂಡಿತು. ಹಿಂದಿನ ಬೆಂಚಿನಲ್ಲಿದ್ದ ಮೇಡಂ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಬೆಂಚಿನ ಅಂಚು ಹಿಡಿದು ಕೂತರು. ನಾಲಿಗೆ ತುರಿಸುತ್ತಿತ್ತು. ಕೊನೆಗೆ ಮೇಜಿನ ಮೇಲಿದ್ದ ರೋಗಿಯೇ ಜರ್ಮನ್‌ನಲ್ಲಿ, ನನ್ನ ತೋಳು ನೋಯುತ್ತಿದೆ ತಾಯಿ, ಬೇಗ ಹೇಳಿ ಎಂದ. ಎಲ್ಲರೂ ನಕ್ಕರು. ರೋಗಿ ಬಾಯಿ ಮುಚ್ಚಿಕೊಂಡು ಬಿದ್ದಿರಬೇಕು ಎಂದು ನರ್ಸ್ ಜರ್ಮನ್‌ನಲ್ಲೇ ಗದರಿಸಿ, ಅದೇ ಓಟದಲ್ಲಿ, ಭುಜ ಹಿಡಿದು ನಿಮ್ಮ ಕಡೆಗೆ ಎಳೆಯಿರಿ ಎಂದಳು. ದಿಂಬು ಎಲ್ಲಿಡಬೇಕು ಎಂಬುದಕ್ಕೆ ಬಸ್ ಚಾಲಕನೊಬ್ಬ ಜಗಳಕ್ಕೇ ನಿಂತ. ತಪ್ಪುಗಳು ರಾಶಿ ಬಿದ್ದವು. ಮಾತು ಮಾತ್ರ ನಿಲ್ಲಲಿಲ್ಲ.

ಚಳಿ ಮುಗಿಯುವ ಹೊತ್ತಿಗೂ ಬೆಂಚುಗಳು ತುಂಬಿಯೇ ಇದ್ದವು. ಮುಖ್ಯಸ್ಥರು ಒಂದು ಸಂಜೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ಕೇಳಿಸಿಕೊಂಡು, “ಮುಂದಿನ ವರ್ಷಕ್ಕೂ ಇರ್ಲಿ ಬಿಡಿ ಮೇಡಂ” ಎಂದರು. ಒಳಗೆ ಹೊತ್ತು ಮೀರಿದರೂ ವಾದ ಮುಗಿದಿರಲಿಲ್ಲ. ಕೋಣೆಯ ಕೀಲಿಕೈಯನ್ನು ನರ್ಸ್ ಕೈಗಿತ್ತು, ಕಲಿಯುವವರನ್ನು ಅವರ ಮಾತಿಗೆ ಬಿಟ್ಟು, ಎಲ್ಲರಿಗಿಂತ ಮೊದಲು ಮೇಡಂ ಹೊರಟರು.