ಪೆಟ್ಟಿಗೆಯ ಬಾಗಿಲು ಹನ್ನೊಂದು ಸಲ

ಇದನ್ನು ಹೇಳಲು ನನಗೆ ಯೋಗ್ಯತೆ ಇದೆಯೋ ಇಲ್ಲವೋ ತಿಳಿಯದು. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಡಾಕ್ಟರಲ್ಲ. ಹಗಲು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದು, ಸಂಜೆ ತರಗತಿಗೆ ಹೋಗಿ ಡಿಪ್ಲೊಮಾ ಮಾಡಿಕೊಂಡವನು. ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು.

ನನ್ನ ಅಕ್ಕ ಅಂಚೆ ಹಂಚುವವಳು. ಹದಿನಾರು ವರ್ಷ ಕಾಲ್ನಡಿಗೆಯಲ್ಲೇ ಮನೆಮನೆಗೆ ಕಾಗದ ಮುಟ್ಟಿಸಿದ್ದಳು. ಒಂದು ದಿನ ಹಿಂದಕ್ಕೆ ಬರುತ್ತಿದ್ದ ಲಾರಿ ಅವಳ ಎಡಗಾಲನ್ನು ಗೋಡೆಗೆ ಒತ್ತಿತು. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಐದು ಸೆಂಟಿಮೀಟರ್ ಪುಡಿಯಾಗಿ ಹೋಯಿತು. ಕಾಲಿನ ಸುತ್ತ ಉಕ್ಕಿನ ಬಳೆಗಳನ್ನು ಕೂರಿಸಿ, ಮೂಳೆಗೆ ಸರಳು ತೂರಿಸಿ ಹಿಡಿದಿಟ್ಟರು. ಎರಡು ಸಲ ಸೊಂಟದ ಮೂಳೆಯ ಚೂರು ತೆಗೆದು ತುಂಬಿದರು. ಎರಡೂ ಸಲ ಕೂಡಲಿಲ್ಲ. ಆಮೇಲೆ ಸರಳುಗಳ ಬುಡದಲ್ಲಿ ಕೀವು ಶುರುವಾಯಿತು.

"ಕೀವು ಈಗ ಔಷಧಿಗೆ ತಗ್ಗಿದೆ. ಮತ್ತೆ ಏಳೋದ್ರೊಳಗೆ ಕೊನೇ ಪ್ರಯತ್ನ ಒಂದು ಮಾಡೋಣ. ಅದೂ ಹಿಡೀಲಿಲ್ಲ ಅಂದ್ರೆ ಮೊಣಕಾಲಿನ ಕೆಳಗೆ ತೆಗೀಬೇಕಾಗುತ್ತೆ," ಎಂದರು ಡಾಕ್ಟರಮ್ಮ.

ಆ ಕೊನೆಯ ಪ್ರಯತ್ನ ನಡೆಯುವುದು ನಾನು ಕೆಲಸ ಮಾಡುವ ಕೋಣೆಯಲ್ಲೇ. ರೋಗಿಯ ಸೊಂಟದ ಮೂಳೆಯಿಂದ ಮಜ್ಜೆ ಹೀರಿ, ಅದರಲ್ಲಿರುವ ಕಾಂಡಕೋಶಗಳನ್ನು, ಅಂದರೆ ಮುಂದೆ ಮೂಳೆಯಾಗಬಲ್ಲ ಎಳೆಯ ಕೋಶಗಳನ್ನು, ಬೇರೆ ಮಾಡಿ ಬೆಳೆಸುತ್ತಾರೆ. ಮೂಳೆಯಲ್ಲಿರುವಂಥದೇ ಸುಣ್ಣದಿಂದ ಮಾಡಿದ, ಸ್ಪಂಜಿನಂತೆ ತೂತುತೂತಾದ ಒಂದು ತುಂಡು ಇರುತ್ತದೆ. ನಾವದನ್ನು ಹಂದರ ಅನ್ನುತ್ತೇವೆ. ಬಳ್ಳಿ ಹಬ್ಬಿದಂತೆ ಕೋಶಗಳು ಅದರ ತುಂಬ ಹಬ್ಬಿ ಮೂಳೆ ಕಟ್ಟಬೇಕು. ಹಂದರ ತಾನು ನಿಧಾನಕ್ಕೆ ಕರಗಿಹೋಗಬೇಕು. ಕಾಲಿನೊಳಗೆ ಇಡುವ ತನಕ ಅದು ಕೋಶಗಳಿಗೆ ಆಹಾರವಾಗುವ ಕೆಂಪು ದ್ರವದ ಡಬ್ಬಿಯಲ್ಲಿ, ಮೈಶಾಖದಷ್ಟೇ ಬೆಚ್ಚಗಿರುವ ಪೆಟ್ಟಿಗೆಯೊಳಗಿರುತ್ತದೆ. ಪೆಟ್ಟಿಗೆಗೆ ನೀರು ಹಾಕುವುದು, ದ್ರವ ಕೆಡದಂತೆ ಒಳಗೆ ಬಿಡುವ ಗ್ಯಾಸ್ ನೋಡುವುದು, ಬಾಗಿಲು ತೆಗೆದ ಹೊತ್ತನ್ನು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ದಿನಕ್ಕೆ ಎರಡೇ ಸಲ ತೆಗೆಯಬೇಕು.

ನಮ್ಮವರ ಕೋಶ ಬಂದರೆ ಆ ಪೆಟ್ಟಿಗೆಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕು ಎಂಬ ನಿಯಮವೂ ಇದೆ. ಅಕ್ಕನ ಡಬ್ಬಿಯ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ನಾನು ಬಾಯಿ ಬಿಡಲಿಲ್ಲ. ನನ್ನಷ್ಟು ಜೋಪಾನವಾಗಿ ಇನ್ನಾರು ನೋಡಿಕೊಂಡಾರು ಅಂದುಕೊಂಡೆ.

ಗುರುವಾರ ಶಸ್ತ್ರಚಿಕಿತ್ಸೆ ಎಂದು ನಿಗದಿಯಾಗಿತ್ತು. ಮಂಗಳವಾರ ಬೆಳಿಗ್ಗೆ ಪಕ್ಕದ ಕೋಣೆಯಿಂದ ಸುದ್ದಿ ಬಂತು. ಅಲ್ಲಿನ ಪೆಟ್ಟಿಗೆಯ ಬಾಗಿಲ ಮೇಲಿನ ಅಂಕಿ ಮೂವತ್ತೇಳು ಡಿಗ್ರಿ ಎಂದೇ ತೋರಿಸುತ್ತಿತ್ತಂತೆ. ಒಳಗೆ ಎಲ್ಲ ತಣ್ಣಗಾಗಿತ್ತಂತೆ. ನಮ್ಮ ಪೆಟ್ಟಿಗೆಯ ಅಂಕಿಯೂ ಸುಳ್ಳು ಹೇಳುತ್ತಿದ್ದರೆ? ಗಾಜಿನ ಥರ್ಮಾಮೀಟರೊಂದನ್ನು ತಂದು ಒಳಗಿಟ್ಟೆ. ಅದನ್ನು ಓದಲು ಬಾಗಿಲು ತೆಗೆಯಲೇಬೇಕು. ತೆಗೆದೆ; ಮೂವತ್ತಾರೂವರೆ. ಹೆದರಿ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ತೆಗೆದೆ, ಮೂವತ್ತಾರು. ಆಮೇಲೆ ಮೂವತ್ತೈದು. ಪ್ರತಿ ಸಲವೂ ಗಂಟೆ ನಿಮಿಷ ಸಮೇತ ಪುಸ್ತಕದಲ್ಲಿ ಬರೆದೆ.

ಮಧ್ಯಾಹ್ನ ನಮ್ಮ ಹಿರಿಯ ತಂತ್ರಜ್ಞರು ಬಂದರು. ಒಂದು ನಿಮಿಷ ಆಚೀಚೆ ಆಗದ ಅವರನ್ನು ಎಲ್ಲರೂ ಹಿಂದಿನಿಂದ 'ಗಡಿಯಾರ' ಅನ್ನುತ್ತಾರೆ. ಪುಸ್ತಕ ತೆರೆದು ಕನ್ನಡಕ ಮೇಲಕ್ಕೆ ಸರಿಸಿದರು.

"ಏನಪ್ಪಾ ಇದು, ಬಸ್ ನಿಲ್ದಾಣದ ವೇಳಾಪಟ್ಟಿನಾ?"

"ಒಳಗೆ ಬಿಸಿ ಕಡಿಮೆ ಆಗ್ತಿದೆ ಸರ್. ನೋಡಿದಷ್ಟೂ ಕಡಿಮೆ ಆಗ್ತಿದೆ."

"ಬಾಗಿಲು ತೆಗೆದು ತೆಗೆದು ನೋಡಿದ್ರೆ ಇನ್ನೇನಾಗುತ್ತೆ? ಪೆಟ್ಟಿಗೆ ಸರಿಯಾಗೇ ಇತ್ತಲ್ಲೋ. ಕೆಡಿಸಿದ್ದು ನೀನು."

ಅಷ್ಟು ಹೊತ್ತೂ ಅದು ನನಗೆ ಹೊಳೆದಿರಲಿಲ್ಲ. ಅವರು ಡಬ್ಬಿಯನ್ನು ಬೆಳಕಿಗೆ ಹಿಡಿದರು. ಕೆಂಪಗಿರಬೇಕಾದ ದ್ರವ ನೇರಳೆಗೆ ತಿರುಗಿತ್ತು. ಬಾಗಿಲಿನಿಂದ ಗ್ಯಾಸೂ ಹೊರಟುಹೋಗಿತ್ತು.

"ಯಾರದಿದು?"

"ನಮ್ಮಕ್ಕಂದು."

ಕೆಲಸದ ಹೊತ್ತಿನಲ್ಲಿ ಎಂದೂ ಕೂರದ ಗಡಿಯಾರ ಸ್ಟೂಲು ಎಳೆದುಕೊಂಡು ಕೂತುಬಿಟ್ಟರು.

ಡಾಕ್ಟರಮ್ಮ ಬಂದರು. ಹಂದರದ ಒಂದು ಮೂಲೆ ಕತ್ತರಿಸಿ, ಬಣ್ಣ ಹಾಕಿ, ಬದುಕಿರುವ ಕೋಶಗಳನ್ನು ಎಣಿಸಿದರು. ನೂರಕ್ಕೆ ಎಪ್ಪತ್ತಾದರೂ ಬದುಕಿರಬೇಕು. ಅವರ ಎಣಿಕೆಯಲ್ಲಿ ಅರವತ್ತೆಂಟು. ಇನ್ನೊಂದು ಮೂಲೆಯದು ಗಡಿಯಾರದವರ ಎಣಿಕೆಯಲ್ಲಿ ಎಪ್ಪತ್ಮೂರು. ಮೂರನೆಯ ಸಲ ಕತ್ತರಿಸಲಿಲ್ಲ. ಕತ್ತರಿಸಿದಷ್ಟೂ ಹಂದರವೇ ಕಡಿಮೆಯಾಗುತ್ತದೆ.

"ಇದನ್ನ ಇಡೋದೋ ಬಿಡೋದೋ ನಿಮ್ಮಕ್ಕನೇ ಹೇಳ್ಬೇಕು. ನಾನೂ ಮಾತಾಡ್ತೀನಿ. ಮೊದಲು ನೀವು ಹೋಗಿ ನಡೆದದ್ದು ಹೇಳಿ," ಎಂದರು ಡಾಕ್ಟರಮ್ಮ. ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು.

ವಾರ್ಡಿನಲ್ಲಿ ಅಕ್ಕ ಉಕ್ಕಿನ ಬಳೆಗಳ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು.

"ಅಕ್ಕ, ಒಂದು ತಪ್ಪು ಮಾಡಿದೀನಿ."

"ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಹೇಳು."

ಹೇಳಿದೆ.

"ಎಷ್ಟು ಸಲ ತೆಗೆದೆ?"

"ಹನ್ನೊಂದು."

"ಒಲೆ ಮೇಲೆ ಅನ್ನ ಇಟ್ಟಾಗಲೂ ನಿಂದು ಇದೇ ಕತೆ. ಮುಚ್ಚಳ ತೆಗೆದು ತೆಗೆದು ನೋಡಿ, ಮನೆಮಂದಿಗೆಲ್ಲ ಅರೆಬೆಂದ ಅನ್ನ ತಿನ್ನಿಸಿದವನು."

ಅವಳು ನಗಲಿಲ್ಲ, ನಾನೂ ನಗಲಿಲ್ಲ.

"ಬೈದುಬಿಡು ಅಕ್ಕ."

"ಬೈದ್ರೆ ಮೂಳೆ ಬೆಳೆಯುತ್ತಾ? ಮೊದಲಿಂದ ಬೆಳೆಸೋಕೆ ಎಷ್ಟು ದಿನ ಬೇಕು?"

"ಮೂರು ವಾರ. ಅಷ್ಟರಲ್ಲಿ ಕೀವು ಎದ್ರೆ..."

"ಕಾಲು ಹೋಗುತ್ತೆ."

"ಹೂಂ."

"ಹಾಗಾದ್ರೆ ಇರೋದನ್ನೇ ಇಡೋಕೆ ಹೇಳು. ಆ ಅರೆಬೆಂದ ಅನ್ನ ತಿಂದೇ ಅಲ್ವಾ ಬೆಳೆದದ್ದು."

ಏಳಲು ಹೋದರೆ ನನ್ನ ಅಂಗಿಯ ತೋಳು ಹಿಡಿದುಕೊಂಡಳು. "ಹೆದರಿಕೆ ಆಗ್ತಿದೆ ಕಣೋ," ಎಂದಳು. ಅವಳು ಆ ಮಾತು ಆಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಊಟದ ಗಾಡಿ ಬರುವವರೆಗೂ ತೋಳು ಬಿಡಲಿಲ್ಲ.

ಗುರುವಾರ ಹಂದರವನ್ನು ಇಟ್ಟರು. ನನ್ನನ್ನು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಹಾಕಿದರು, ಅದು ನ್ಯಾಯವೇ.

ಈಗ ಐದು ತಿಂಗಳಾಗಿದೆ. ಕೀವು ಮತ್ತೆ ಎದ್ದಿಲ್ಲ. ಹೋದ ವಾರದ ಎಕ್ಸ್‌ರೇಯಲ್ಲಿ ಮೇಲಿನಿಂದಲೂ ಕೆಳಗಿನಿಂದಲೂ ಹೊಸ ಮೂಳೆ ಮಬ್ಬಾಗಿ ಬಂದಿತ್ತು. ನಡುವೆ ಮಾತ್ರ, ಕಾಗದ ಮಡಿಚಿದ ಗುರುತಿನಷ್ಟು, ಒಂದು ಕಪ್ಪು ಗೆರೆ. ಅದು ಮುಚ್ಚದಿದ್ದರೆ ಕಾಲು ಭಾರ ಹೊರುವುದಿಲ್ಲ. ಡಾಕ್ಟರಮ್ಮ ಇನ್ನು ಆರು ವಾರ ಕಾಯುತ್ತಾರೆ, ಅದಕ್ಕಿಂತ ಹೆಚ್ಚು ಕಾಯಲಾರರು. ಚಿತ್ರವನ್ನು ಬೆಳಕಿಗೆ ಹಿಡಿದು ನೋಡು ಎಂದು ಅಕ್ಕ ದಿನಾ ಹೇಳುತ್ತಾಳೆ. ಒಂದು ಸಲ ನೋಡಿದ್ದೇನೆ, ಮತ್ತೆ ನೋಡಲು ಕೈ ಬರುವುದಿಲ್ಲ.

ಆ ಗೆರೆ ನಾನು ಹನ್ನೊಂದು ಸಲ ಬಾಗಿಲು ತೆಗೆದದ್ದರಿಂದ ಬಂದದ್ದೋ ಎಂದು ಗಡಿಯಾರದವರನ್ನು ಕೇಳಿದೆ. "ಹೇಳೋಕಾಗಲ್ಲಪ್ಪ. ಹೋಲಿಸಿ ನೋಡೋಕೆ ಬಾಗಿಲು ತೆಗೀದೆ ಇಟ್ಟ ಇನ್ನೊಂದು ಹಂದರ ಎಲ್ಲಿದೆ?" ಎಂದರು. ಕೀವಿನಿಂದ ಇರಬಹುದು, ಲಾರಿಯಿಂದಲೇ ಇರಬಹುದು. ಗೆರೆ ಮುಚ್ಚುತ್ತದೆಯೋ ಇಲ್ಲವೋ, ಮುಚ್ಚದಿದ್ದರೆ ಅದು ನನ್ನಿಂದಲೋ ಅಲ್ಲವೋ, ನನಗೆ ಗೊತ್ತಿಲ್ಲ.