ತೋಟಾ ಮ್ಯಾನೇಜರ್ ಹತ್ತಿರ

"ಕೊಡ್ರಿ ಸಾರ್, ಊರು ದಾಟಿತು," ಎಂದ ಬ್ಯಾಂಕಿನ ಗಾರ್ಡ್ ಉಜ್ಜಪ್ಪ, ಜೀಪಿನ ಹಿಂದಿನ ಸೀಟಿನಿಂದ.

ಮುಂದೆ ಕೂತಿದ್ದ ಮ್ಯಾನೇಜರ್ ಚಂದ್ರಶೇಖರ್ ತಿರುಗಿ ನೋಡಲಿಲ್ಲ. ಬಂದೂಕಿನ ಎರಡು ತೋಟಾಗಳೂ ಅವನ ಪ್ಯಾಂಟಿನ ಜೇಬಿನಲ್ಲಿದ್ದವು. ಬಂದೂಕು ಉಜ್ಜಪ್ಪನ ಮಂಡಿಗಳ ನಡುವೆ, ಹಣದ ಟ್ರಂಕು ಅವನ ಕಾಲಡಿ. ಶಿಕಾರಿಪುರದ ಬ್ಯಾಂಕಿನಿಂದ ಉಳವಿ ಶಾಖೆಗೆ ಹಣ ಸಾಗುವಾಗೆಲ್ಲ ಇದೇ ಏರ್ಪಾಡು.

"ರಸ್ತೆ ನೋಡಿದೀಯಲ್ಲ. ಕುಲುಕಾಟದಲ್ಲಿ ಹಾರಿಬಿಟ್ಟರೆ?"

"ಮತ್ತೆ ಕಳ್ಳ ಬಂದ್ರೆ ಏನನ್ಲಿ? ಸಾಹೇಬ್ರು ತೋಟಾ ಕೊಡೋತನಕ ತಡಿಯಪ್ಪಾ ಅನ್ಲೇನ್ರಿ?"

ಡ್ರೈವರ್ ಚನ್ನೇಶ್ ಕಿಸಕ್ಕನೆ ನಕ್ಕ. ಚಂದ್ರಶೇಖರನಿಗೆ ಮೈಯೆಲ್ಲ ಉರಿಯಿತು.

ಹೋದ ವರ್ಷ ಉಜ್ಜಪ್ಪ ಬ್ಯಾಂಕಿನೊಳಗೆ ಬಂದೂಕು ಒರೆಸುತ್ತ ಕೂತಿದ್ದಾಗ ಈಡು ಹಾರಿ ಚಾವಣಿಗೆ ಬಡಿದಿತ್ತು. ಗಾರೆಯ ಚೂರು ಚಂದ್ರಶೇಖರನ ಚಹಾದ ಲೋಟಕ್ಕೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಅದನ್ನು ಹೇಳಿಕೊಂಡು ನಗುತ್ತಿದ್ದರು. ಅವನಿಗೆ ಮಾತ್ರ ನಗು ಬರಲಿಲ್ಲ. ಹಣ ಸಾಗಿಸುವಾಗ ಬಂದೂಕಿನಲ್ಲಿ ಈಡು ಇರಲೇಬೇಕೆಂದು ಹೆಡ್ಡಾಫೀಸಿನ ಆದೇಶವಿತ್ತು. ಜೀವಮಾನದಲ್ಲಿ ಒಂದು ಆದೇಶವನ್ನೂ ಮೀರದವನು ಇದೊಂದನ್ನು ಮೀರಿದ, ಮೀರಿ ಅದಕ್ಕೆ ಸುರಕ್ಷತೆ ಎಂದು ಹೆಸರಿಟ್ಟ. ದರೋಡೆಕೋರರನ್ನು ಅವನು ಎಂದೂ ಕಂಡಿರಲಿಲ್ಲ. ಉಜ್ಜಪ್ಪನ ಬೆರಳನ್ನು ದಿನಾ ಕಾಣುತ್ತಿದ್ದ.

ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೋಗುವಾಗ ಒಂದು ತಿರುವಿನಲ್ಲಿ ಚನ್ನೇಶ್ ಗಕ್ಕನೆ ಬ್ರೇಕು ಒತ್ತಿದ. ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು.

"ಬೇಕಂತ್ಲೇ ಹಾಕ್ಯಾರ್ರೀ! ಕೊಡ್ರಿ ಬೇಗ!"

ಚಂದ್ರಶೇಖರ್ ಜೇಬಿಗೆ ಕೈ ಹಾಕಿದ. ಕೂತ ಭಂಗಿಗೆ ಪ್ಯಾಂಟು ಬಿಗಿದು ಕೈ ಒಳಗೇ ಸಿಕ್ಕಿಕೊಂಡಿತು. ಸೀಟಿನಿಂದ ಅರ್ಧ ಎದ್ದು ಎಳೆದ. ಒಂದು ತೋಟಾ ಬಂತು, ಇನ್ನೊಂದು ಜಾರಿ ಕೆಳಗುರುಳಿತು. ಉಜ್ಜಪ್ಪ ಬಯ್ಯುತ್ತಲೇ ತಡಕಾಡಿ ಹೆಕ್ಕಿಕೊಂಡು, ಎರಡನ್ನೂ ತುಂಬಿ, ಕಟಕ್ಕನೆ ಮುಚ್ಚಿ, ಕೆಳಗೆ ಹಾರಿದ.

ರಸ್ತೆಬದಿಯ ಪೊದೆಮಟ್ಟಿಯಿಂದ ಒಬ್ಬ ಕೊಡಲಿ ಹಿಡಿದು ಹೊರಬಂದ.

"ನಿಲ್ಲಲೇ!"

ಕೊಡಲಿ ಕೆಳಗೆ ಬಿತ್ತು. ಕೈಗಳು ಮೇಲೆದ್ದವು. "ಅಯ್ಯೋ, ಹೊಡೀಬೇಡಿ ಮಾರಾಯ್ರೆ! ಗಾಳಿಗೆ ಬಿದ್ದ ಮರ. ಕಡಿದು ದಾರಿ ಬಿಡಿಸ್ತಿದೀವಿ." ಆಮೇಲೆ ಜೀಪಿನೊಳಗೆ ಕಣ್ಣು ಕಿರಿದು ಮಾಡಿ ನೋಡಿದ. "ಮೇನೇಜರ್ ಸಾರ್, ನಾನು ಸಣ್ಣಬೀರಪ್ಪ. ನಿಮ್ಮ ಉಳವಿ ಬ್ಯಾಂಕಲ್ಲೇ ನನ್ನ ಖಾತೆ ಇರೋದು. ನೀವಾದ್ರೂ ಹೇಳಿ."

ಮುಖ ನೆನಪಾಗಲಿಲ್ಲ. ಖಾತೆದಾರರ ಮುಖವನ್ನು ಚಂದ್ರಶೇಖರ್ ಯಾವತ್ತು ನೋಡಿದ್ದ? ಇವನು ಹೇಳುವುದು ನಿಜವಿರಬಹುದು. ಮ್ಯಾನೇಜರ್ ಯಾರೆಂದು ಕಳ್ಳರಿಗೂ ಗೊತ್ತಿರಬಹುದು.

"ಏನ್ ಮಾಡ್ಲಿ ಸಾರ್?" ಉಜ್ಜಪ್ಪನ ಬೆರಳು ಟ್ರಿಗರಿನ ಮೇಲಿತ್ತು. "ಹೇಳ್ರಿ."

ಬಂದೂಕು ಇಳಿಸು ಎಂದ ಮೇಲೆ ಮಟ್ಟಿಯೊಳಗಿಂದ ಇನ್ನಷ್ಟು ಜನ ನುಗ್ಗಿದರೆ? ಎನ್ನದೆ ಸುಮ್ಮನಿದ್ದು ಆ ಬೆರಳು ಜಾರಿದರೆ? ಒಂದು ಮಾತು ಸಾಕಿತ್ತು.

ಮಟ್ಟಿ ಮತ್ತೆ ಅಲುಗಾಡಿತು. ಚನ್ನೇಶ್ ಸ್ಟೇರಿಂಗಿನ ಕೆಳಗೆ ತಲೆ ತಗ್ಗಿಸಿದ. ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು ಬಂದವಳು ಬಂದೂಕು ಕಂಡು ಹೊರೆ ಕೆಡವಿ ಕೈ ಎತ್ತಿದಳು. ಅವಳ ಹಿಂದೆ ಬಂದ ಮುದುಕ ತಾನೂ ಎತ್ತಿದ, ಯಾಕೆಂದು ತಿಳಿಯದೆ.

"ಸಾರ್! ಇಳಿಸ್ಲೋ ಬ್ಯಾಡೋ?"

ಉತ್ತರಕ್ಕಾಗಿ ಉಜ್ಜಪ್ಪ ಜೀಪಿನ ಕಡೆ ತಿರುಗಿದ. ಅವನ ಜೊತೆಗೆ ಬಂದೂಕೂ ತಿರುಗಿತು. ನಳಿಗೆಯ ಎರಡು ಕಪ್ಪು ತೂತುಗಳು ಚಂದ್ರಶೇಖರನ ಎದೆಗೆ ನೇರವಾಗಿ ನಿಂತವು.

ಆಗ ಅವನಿಗೆ ತಿಳಿಯಿತು. ಯಾವಾಗಿನಿಂದಲೋ ಅವನ ಎರಡೂ ಕೈಗಳು ಮೇಲೆದ್ದು, ಜೀಪಿನ ಟಾರ್ಪಾಲಿಗೆ ಒತ್ತಿಕೊಂಡಿದ್ದವು.