ಸುಡದ ಕೈ

ಬೇಕರಿಯಲ್ಲಿ ದುಡಿಯುವವರ ಮೈಮೇಲೆ ಏನಾದರೊಂದು ಇದ್ದೇ ಇರುತ್ತದೆ. ಒಬ್ಬರಿಗೆ ಮೊಣಕೈ ಮಡಿಕೆಯಲ್ಲಿ ಹಿಟ್ಟು ಕೂತು ನವೆ. ಇನ್ನೊಬ್ಬರಿಗೆ ಸೊಂಟದ ಸುತ್ತ ಬೆವರು ನಿಂತು ಹುಳುಕಡ್ಡಿ. ದಿನವಿಡೀ ನಿಂತೇ ಇರುವವರ ಹಿಮ್ಮಡಿ ಬಿರುಕು ಬಿಟ್ಟಿರುತ್ತದೆ. ಈ ಬೇಕರಿಯಲ್ಲಿ ಇಷ್ಟಕ್ಕೂ ಸೇರಿ ಒಂದೇ ಔಷಧ ಇತ್ತು. ಗಲ್ಲಾಪೆಟ್ಟಿಗೆಯ ಪಕ್ಕದ ಡ್ರಾಯರಿನಲ್ಲಿ, ಹೊಟ್ಟೆ ಹಿಂಡಿಸಿಕೊಂಡು ಮಲಗಿದ್ದ ಒಂದು ಮುಲಾಮಿನ ಟ್ಯೂಬು. ಅದು ಖಾಲಿಯಾದರೆ ಯಾರೋ ಒಬ್ಬರು ಔಷಧಿ ಅಂಗಡಿಗೆ ಹೋಗಿ, ಹಳೆಯ ಟ್ಯೂಬನ್ನೇ ತೋರಿಸಿ, ಇಂಥದ್ದೇ ಕೊಡಿ ಎಂದು ಹೊಸದು ತರುತ್ತಿದ್ದರು.

ಆ ಟ್ಯೂಬನ್ನು ಮುಟ್ಟದವನು ಒಬ್ಬನೇ, ಮೇಸ್ತ್ರಿ. ಬೇಕರಿ ಅವನದೇ, ಒಲೆಯ ಮುಂದೆ ನಿಲ್ಲುವವನೂ ಅವನೇ. ತನ್ನ ಮೈ ಕಬ್ಬಿಣದ್ದು ಎಂದು ಅವನು ಹೇಳಿಕೊಳ್ಳುತ್ತಿರಲಿಲ್ಲ. ಬೇರೆಯವರು ಹೇಳಿದರೆ ಅಲ್ಲವೆನ್ನುತ್ತಲೂ ಇರಲಿಲ್ಲ.

ಆ ಬೀದಿಯ ಒಲೆಗಾರರಲ್ಲಿ ಒಂದು ರೂಢಿ ಇದೆ. ಒಲೆಯಿಂದ ಆಗತಾನೇ ತೆಗೆದ ಬ್ರೆಡ್ಡನ್ನು ಅಚ್ಚಿನಿಂದ ಬಟ್ಟೆ ಹಿಡಿಯದೆ ಬರಿಗೈಯಲ್ಲಿ ಕಳಚಬೇಕು. ಕಳಚುವಾಗ ಮುಖ ಕಿವುಚಬಾರದು, ಬೆರಳಿಗೆ ಉಫ್ ಎಂದು ಊದಿಕೊಳ್ಳಬಾರದು. ಹಾಗೆ ಮಾಡಬಲ್ಲವನ ಕೈ 'ಪಳಗಿದ ಕೈ'. ಮಾಡಲಾಗದವನು ಎಷ್ಟು ವರ್ಷ ದುಡಿದರೂ ಅವರ ಲೆಕ್ಕದಲ್ಲಿ ಇನ್ನೂ ಕಲಿಯುತ್ತಿರುವವನೇ. ಮೇಸ್ತ್ರಿಯೂ ಬಹಳ ಕಾಲ ಬೆರಳಿಗೆ ಉಫ್ ಎಂದು ಊದಿಕೊಂಡೇ ಬಂದವನು. ಆದರೆ ಹೋದ ವರ್ಷದಿಂದ ಅವನ ಎಡಗೈ ಅದ್ಭುತವಾಗಿ ಪಳಗಿಬಿಟ್ಟಿತ್ತು. ಸುಡುವ ಅಚ್ಚನ್ನು ಅಂಗೈಯ ಅಂಚಿನಲ್ಲಿ ಒತ್ತಿ ಹಿಡಿದು, ಮಾತಾಡುತ್ತಲೇ ಬ್ರೆಡ್ಡು ಕಳಚುತ್ತಿದ್ದ. ಪಕ್ಕದ ಬೇಕರಿಗಳ ಒಲೆಗಾರರು ಬಿಡುವು ಮಾಡಿಕೊಂಡು ಬಂದು ನೋಡಿ ಹೋದರು. ಅವನ ಅಮ್ಮ ಕೌಂಟರಿನ ಹಿಂದೆ ಕೂತು, ಅವರಪ್ಪನ ಕೈಯೂ ಇಷ್ಟು ಪಳಗಿರಲಿಲ್ಲ ಎಂದು ಗಿರಾಕಿಗಳಿಗೆಲ್ಲ ಹೇಳಿದಳು.

ಇದನ್ನು ಒಪ್ಪದೆ ಉಳಿದವಳು ಅವನ ಹೆಂಡತಿ. ಒಪ್ಪದಿರುವುದು ಅಂತಲ್ಲ, ಅವಳಿಗೆ ಕೇಳದೆ ಇರಲಾಗುವುದಿಲ್ಲ. ಯೀಸ್ಟು ಯಾಕೆ ಉಬ್ಬುತ್ತದೆ, ಜಿರಲೆ ಸತ್ತಾಗ ಯಾಕೆ ಅಂಗಾತ ಬೀಳುತ್ತದೆ, ಎಲ್ಲ ಬೇಕು. ಮದುವೆಯಾದ ಹೊಸತರಲ್ಲೇ ಗಂಡ ಅವಳಿಗೆ 'ಪ್ರಶ್ನೆಪತ್ರಿಕೆ' ಎಂದು ಹೆಸರಿಟ್ಟಿದ್ದ. ಈಗ ಇಡೀ ಬೀದಿ ಹಾಗೇ ಕರೆಯುತ್ತದೆ.

ಒಂದು ಮಧ್ಯಾಹ್ನ ಅವಳು ಬ್ರೆಡ್ಡು ಕತ್ತರಿಸುವುದನ್ನು ನಿಲ್ಲಿಸಿ ಕೇಳಿದಳು.

"ರೀ, ನೀವು ಜಾಸ್ತಿ ಕೆಲಸ ಮಾಡೋದು ಯಾವ ಕೈಯಲ್ಲಿ?"

"ಬಲಗೈಯಲ್ಲಿ. ಯಾಕೆ?"

"ಎರಡು ಕೈಯೂ ಒಂದೇ ಒಲೆ ಮುಂದೆ ಇರೋದು. ಜಾಸ್ತಿ ದುಡಿಯೋದು ಬಲಗೈ. ಹಾಗಿದ್ದ ಮೇಲೆ ಎಡಗೈ ಮಾತ್ರ ಯಾಕೆ ಪಳಗ್ತು?"

ಮೇಸ್ತ್ರಿ ಒಲೆಯ ಕಡೆ ತಿರುಗಿದ. ಬ್ರೆಡ್ಡು ಕತ್ತರಿಸೇ ಎಂದ.

ಸಂಜೆ ಸಿಸ್ಟರ್ ಬಂದರು. ಬೀದಿಯ ಕೊನೆಯ ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿ ಮುಗಿಸಿ ಮನೆಗೆ ಹೋಗುವಾಗ ಬನ್ನು ಒಯ್ಯುವವರು. ಅವರು ಬರುವ ಹೊತ್ತಿಗೆ ಹಿಟ್ಟು ನಾದುವ ಹಿಟ್ಟಣ್ಣ ಗೋಡೆಯ ಮೂಲೆಗೆ ಬೆನ್ನು ಉಜ್ಜುತ್ತ ನಿಂತಿದ್ದ. ಕಟ್ಟಡ ಬೀಳಿಸಬೇಡಪ್ಪ ಎಂದು ಸಿಸ್ಟರ್ ಅವನನ್ನು ಒಳಗೆ ಕರೆದು ನೋಡಿದರು. ಸೊಂಟದಲ್ಲಿ ನಾಣ್ಯದಷ್ಟಿದ್ದ ಹುಳುಕಡ್ಡಿ ಈಗ ಬೆನ್ನಿನ ಅರ್ಧಕ್ಕೆ ಹಬ್ಬಿತ್ತು. ಡ್ರಾಯರಿನ ಟ್ಯೂಬನ್ನು ತರಿಸಿ, ಅದರ ಮೇಲಿನ ಸಣ್ಣ ಅಕ್ಷರ ಓದಿದ ಸಿಸ್ಟರ್ ತಲೆ ಆಡಿಸಿದರು. ಇದರಲ್ಲಿ ಸ್ಟೀರಾಯ್ಡ್ ಇದೆ, ಇದು ನವೆಯ ಬಾಯಿ ಮುಚ್ಚಿಸುತ್ತದೆ ಅಷ್ಟೆ, ಹುಳುಕಡ್ಡಿ ಅಂದರೆ ಚರ್ಮಕ್ಕೆ ಹಿಡಿಯುವ ಬೂಸು, ಅದು ಒಳಗೆ ತನ್ನ ಪಾಡಿಗೆ ತಾನು ಬೆಳೆಯುತ್ತ ಹೋಗುತ್ತದೆ ಎಂದರು. ಬ್ರೆಡ್ಡಿಗೆ ಬೂಸು ಹಿಡಿದರೆ ಏನಾಗುತ್ತದೆ ಎಂದು ಇವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಚರ್ಮದ ಡಾಕ್ಟರಿಗೆ ತೋರಿಸು, ಅವರು ಹೇಳಿದಷ್ಟು ದಿನ ಔಷಧ ಹಚ್ಚು, ನವೆ ನಿಂತಿತು ಅಂತ ಮಧ್ಯದಲ್ಲಿ ಬಿಡಬೇಡ, ಒಂದೇ ಟವೆಲಿನಲ್ಲಿ ಇಬ್ಬರು ಒರೆಸಿಕೊಳ್ಳಬೇಡಿ ಎಂದರು.

ಅಷ್ಟು ಹೇಳಿದ್ದೇ ತಡ, ಬೇಕರಿಯೇ ಆಸ್ಪತ್ರೆಯಾಯಿತು. ಮೇಸ್ತ್ರಿಯ ಅಮ್ಮ ಹಿಮ್ಮಡಿ ಚಾಚಿದಳು. ರಾತ್ರಿ ಕಾಲು ತೊಳೆದು ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿದರೆ ಸಾಕು, ಇದಕ್ಕೆ ಡಾಕ್ಟರು ಬೇಡ ಎಂದರು ಸಿಸ್ಟರ್. ಹೆಂಡತಿ ಮೊಣಕೈಯ ನವೆ ತೋರಿಸಿದಳು. ಹಿಟ್ಟು ತೊಳೆದುಕೋ, ತೋಳು ಮುಚ್ಚುವ ಅಂಗಿ ಹಾಕಿಕೋ, ಎರಡು ವಾರ ನೋಡಿ ಕಡಿಮೆಯಾಗದಿದ್ದರೆ ಬಾ ಎಂದರು. ಪ್ರಶ್ನೆಪತ್ರಿಕೆ ಅಷ್ಟಕ್ಕೆ ಬಿಡುತ್ತಾಳೆಯೇ? ಹಾಗಾದರೆ ಕಾಯಬಾರದ್ದು ಯಾವುದು ಎಂದು ಕೇಳಿದಳು. ಕೀವು ತುಂಬಿ ಜ್ವರ ಬಂದರೆ ಕಾಯಬಾರದು. ಕಣ್ಣಿನ ಸುತ್ತ ಊದಿದರೆ, ಮನೆಯವರೆಲ್ಲ ಒಟ್ಟಿಗೆ ಕೆರೆದುಕೊಳ್ಳತೊಡಗಿದರೆ ಕಾಯಬಾರದು. ಮೊದಲಿನಿಂದ ಇದ್ದ ಮಚ್ಚೆ ಇದ್ದಕ್ಕಿದ್ದ ಹಾಗೆ ದೊಡ್ಡದಾದರೆ, ಬಣ್ಣ ಬದಲಿಸಿದರೆ, ಅದರಿಂದ ರಕ್ತ ಬಂದರೆ ಒಂದು ದಿನವೂ ತಡ ಮಾಡಬಾರದು.

"ನೋಡಿ ಸಿಸ್ಟರ್, ಎಲ್ಲರದ್ದೂ ಆಯ್ತು," ಎಂದ ಮೇಸ್ತ್ರಿ ಒಲೆಯ ಕಡೆಯಿಂದ. "ನನಗೊಬ್ಬನಿಗೆ ಏನಿಲ್ಲ. ಕೈ ಮೇಲೆ ಬಿಳಿಚಿಕೊಂಡಿರೋ ಒಂದು ಜಾಗ ಇದೆ. ನವೆ ಇಲ್ಲ, ನೋವಿಲ್ಲ. ಸಾಧು ಪ್ರಾಣಿ."

ಸಿಸ್ಟರ್ ಬನ್ನಿನ ಪೊಟ್ಟಣವನ್ನು ಕೆಳಗಿಟ್ಟರು. ಯಾವ ಕೈ ಎಂದು ಕೇಳಿದರು. ಎಡಗೈ ಎಂದು ಹೆಂಡತಿಯೇ ಹೇಳಿದಳು.

ಎಡ ಮುಂಗೈಯ ಹೊರಬದಿಯಲ್ಲಿ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ, ಸುತ್ತಲಿನ ಚರ್ಮಕ್ಕಿಂತ ತಿಳಿಬಣ್ಣದ ಒಂದು ಮಚ್ಚೆ. ಅಲ್ಲಿ ರೋಮ ಉದುರಿತ್ತು, ಬೆವರೂ ಇರಲಿಲ್ಲ. ಕಿರುಬೆರಳಿನ ಪಕ್ಕದಲ್ಲಿ ಒಂದು ಗುಳ್ಳೆ ಒಡೆದು ಒಣಗಿತ್ತು. ಇದು ಯಾವಾಗ ಸುಟ್ಟಿದ್ದು ಎಂದರೆ ಮೇಸ್ತ್ರಿಗೆ ಗೊತ್ತಿರಲಿಲ್ಲ. ಸಿಸ್ಟರ್ ತಮ್ಮ ಚೀಲದಿಂದ ಒಂದಿಷ್ಟು ಹತ್ತಿ ತೆಗೆದು, ಅದರ ತುದಿಯನ್ನು ಹೊಸೆದು ಎಳೆಯ ಹಾಗೆ ಮಾಡಿದರು.

"ಕಣ್ಣು ಮುಚ್ಕೊಳ್ಳಿ ಅಣ್ಣ. ಹತ್ತಿ ತಾಕಿದ ಕಡೆ ಬೆರಳಿಟ್ಟು ತೋರಿಸಿ."

ಮೊದಲು ಬಲಗೈ. ಮುಟ್ಟಿದಲ್ಲೆಲ್ಲ ಮೇಸ್ತ್ರಿ ಸರಿಯಾಗಿ ಬೆರಳಿಟ್ಟ, ಕಚಗುಳಿ ಎಂದು ನಕ್ಕ. ಆಮೇಲೆ ಎಡಗೈ. ಹತ್ತಿ ಮಚ್ಚೆಯ ನಡುವೆ ತಾಕಿತು, ಅಂಚಿನಲ್ಲಿ ತಾಕಿತು, ಕಿರುಬೆರಳಿನ ಮೇಲೆ ಓಡಾಡಿತು. ಮೇಸ್ತ್ರಿ ಸುಮ್ಮನೆ ಕೂತಿದ್ದ. ಹಿಟ್ಟಣ್ಣ ಬೆನ್ನು ಕೆರೆದುಕೊಳ್ಳುವುದನ್ನು ಮರೆತಿದ್ದ.

"ಶುರು ಮಾಡಿ ಸಿಸ್ಟರ್," ಎಂದ ಮೇಸ್ತ್ರಿ, ಕಣ್ಣು ಮುಚ್ಚಿಕೊಂಡೇ. "ಒಲೇಲಿ ಬ್ರೆಡ್ಡು ಇದೆ."

ಅವನು ಕಣ್ಣು ಬಿಟ್ಟಾಗ ಹತ್ತಿ ಇನ್ನೂ ಅವನ ಕೈ ಮೇಲೇ ಇತ್ತು.

ಇದು ಏನೆಂದು ನಾನು ಹೇಳಲಾರೆ, ಚರ್ಮದ ಡಾಕ್ಟರು ನೋಡಬೇಕು, ಬೇಗ ನೋಡಬೇಕು ಎಂದಷ್ಟೇ ಹೇಳಿ ಸಿಸ್ಟರ್ ಹೋದರು. ಮೇಸ್ತ್ರಿ ಹೋಗಲಿಲ್ಲ. ನೋವಿಲ್ಲದ್ದಕ್ಕೆ ಡಾಕ್ಟರೇ, ನೋವಿಲ್ಲ ಅಂತ ಹೋಗಿ ದೂರು ಕೊಡಲೇ ಎಂದು ತಮಾಷೆ ಮಾಡಿದ. ಅಮ್ಮನ ಚಿಂತೆ ಬೇರೆ. ಅವಳಿಗೆ ಆ ಕಾಯಿಲೆಯ ಹೆಸರು ಹೊಳೆದಿತ್ತು. ಮಗ ಆ ಡಾಕ್ಟರ ಬಾಗಿಲಲ್ಲಿ ನಿಂತಿದ್ದನ್ನು ಒಬ್ಬರು ನೋಡಿದರೂ ಸಾಕು, ನಾಳೆಯಿಂದ ಈ ಬ್ರೆಡ್ಡನ್ನು ನಾಯಿಯೂ ಮೂಸುವುದಿಲ್ಲ ಎಂದು ಸೊಸೆಯ ಕೈ ಹಿಡಿದು ಹೇಳಿದಳು.

ಆ ವಾರದಲ್ಲಿ ಬನ್ನುಗಳು ವಾಲತೊಡಗಿದವು. ಮೇಸ್ತ್ರಿ ಎರಡೂ ಅಂಗೈಯಲ್ಲಿ ಒಂದೊಂದು ಉಂಡೆಯನ್ನು ಒಟ್ಟಿಗೆ ತಿರುಗಿಸುವವನು. ಬಲಗೈಯದು ದುಂಡಗೆ ಬರುತ್ತಿತ್ತು. ಎಡಗೈಯದು ಒಂದು ಕಡೆ ಸೊಟ್ಟ. ಕಿರುಬೆರಳು ಉಂಡೆಯನ್ನು ತಡೆದು ನಿಲ್ಲಿಸುತ್ತಿರಲಿಲ್ಲ. ಹಿಟ್ಟಣ್ಣ ಯಾರಿಗೂ ಕಾಣದ ಹಾಗೆ ಸೊಟ್ಟ ಉಂಡೆಗಳನ್ನು ಸರಿಮಾಡಿ ಟ್ರೇಗೆ ಇಡುತ್ತಿದ್ದ. ಅದು ಹೆಂಡತಿಯ ಕಣ್ಣಿಗೆ ಬಿತ್ತು.

"ಪಳಗಿದ ಕೈ ಅಂದ್ರೆ ಕೆಲಸ ಚೆನ್ನಾಗಿ ಬರಬೇಕಲ್ವಾ," ಎಂದಳು ಮೆಲ್ಲಗೆ. "ಇದ್ಯಾಕೆ ಇದ್ದಿದ್ದನ್ನೂ ಮರೀತಾ ಇದೆ?"

ಮೇಸ್ತ್ರಿ ಕಿರುಬೆರಳನ್ನು ಉಂಗುರದ ಬೆರಳಿಗೆ ತಾಗಿಸಲು ನೋಡಿದ. ಅದು ಅರ್ಧ ದಾರಿಯಲ್ಲೇ ನಿಂತಿತು. ಇನ್ನೊಮ್ಮೆ ನೋಡಿದ. ಆಮೇಲೆ ಏಪ್ರನ್ನು ಬಿಚ್ಚಿ ಮೊಳೆಗೆ ಹಾಕಿದ. ಒಲೆ ನೋಡ್ಕೋ ಎಂದು ಹಿಟ್ಟಣ್ಣನಿಗೆ ಹೇಳಿ, ಹೆಂಡತಿಗೆ ನೀನೂ ಬಾ ಎಂದ. ಪ್ರಶ್ನೆ ಕೇಳಲು ಒಬ್ಬರು ಬೇಕಿತ್ತು.

ಚರ್ಮದ ಡಾಕ್ಟರಮ್ಮ ಅವನ ಮೊಣಕೈಯನ್ನು ಹಿಂಬದಿಯಿಂದ ಒತ್ತಿ ನೋಡಿದರು. ಅಲ್ಲಿ ನರವೊಂದು ಹುರಿಹಗ್ಗದ ಹಾಗೆ ದಪ್ಪಗಾಗಿತ್ತು. ಮಚ್ಚೆಯಿಂದ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಸುತ್ತಿಬಳಸದೆ ಹೇಳಿದರು. ಇದು ಕುಷ್ಠರೋಗ. ಪೂರ್ತಿ ವಾಸಿಯಾಗುವ ಕಾಯಿಲೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ಕೆಲವು ತಿಂಗಳು ತಪ್ಪದೆ ನುಂಗಬೇಕು.

ಮೇಸ್ತ್ರಿಗೆ ಒಂದೇ ಮಾತು ಬೇಕಿತ್ತು.

"ನನ್ನ ಬ್ರೆಡ್ಡು ತಿಂದವರಿಗೆ?"

"ಬ್ರೆಡ್ಡಿಂದ ಬರಲ್ಲ. ಕೈ ಕುಲುಕಿದರೆ ಬರಲ್ಲ. ಔಷಧ ತಗೊಳ್ಳದೇ ಇರೋರ ಜೊತೆ ಬಹಳ ಕಾಲ ಹತ್ತಿರ ಇದ್ದರೆ, ಉಸಿರು ಕೆಮ್ಮಿನ ಮೂಲಕ ಕೆಲವರಿಗೆ ಬರಬಹುದು. ನೀವು ಮಾತ್ರೆ ಶುರು ಮಾಡಿದ್ರೆ ಹರಡೋದು ಬೇಗ ನಿಲ್ಲುತ್ತೆ. ಮನೆಯವರೆಲ್ಲ ಒಂದು ಸಲ ಬಂದು ತೋರಿಸಿಕೊಳ್ಳಿ."

ಹೋದ ಸ್ಪರ್ಶ ವಾಪಸ್ ಬರುತ್ತದೆಯೇ ಎಂದು ಹೆಂಡತಿ ಕೇಳಿದಳು. ಡಾಕ್ಟರಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು. ಸ್ವಲ್ಪ ಬರಬಹುದು, ಪೂರ್ತಿ ಬರುತ್ತದೆಂದು ಮಾತು ಕೊಡುವುದಿಲ್ಲ ಎಂದರು. ಬೆರಳಿನ ಶಕ್ತಿಗೆ ಬೇರೆ ಮಾತ್ರೆ ಮತ್ತು ವ್ಯಾಯಾಮ ಹೇಳಿದರು. ಮೊದಲು ಮಚ್ಚೆ ಕಂಡಾಗಲೇ ಬಂದಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ಇನ್ನೊಂದು ವರ್ಷ ಬಿಟ್ಟಿದ್ದರೆ ಈ ಕೈಯಲ್ಲಿ ಬನ್ನು ಮಾಡುವ ಮಾತೇ ಇರುತ್ತಿರಲಿಲ್ಲ. ಈಗ ಈ ಕೈಗೆ ನೋವು ಗೊತ್ತಾಗದ ಕಾರಣ, ಅದರ ಪರವಾಗಿ ಕಣ್ಣೇ ಕಾವಲು ಇರಬೇಕು, ಬರಿಗೈಯಲ್ಲಿ ಬಿಸಿ ಮುಟ್ಟಲೇಬಾರದು ಎಂದರು.

ಹೀಗೆ ಪಳಗಿದ ಕೈಯ ಮೇಸ್ತ್ರಿ ದಪ್ಪ ಕೈಗವಸು ಹಾಕಿಕೊಂಡು ಒಲೆಯ ಮುಂದೆ ನಿಂತ. ಕೇಳಿದವರಿಗೆ ಹೊಸ ನಿಯಮ ಅಂತ ಹೇಳಿಬಿಡು ಎಂದು ಅಮ್ಮ ಹೇಳಿಕೊಟ್ಟಿದ್ದಳು. ಮೊದಲು ಕೇಳಿದವನು ಶಾಲಾ ವ್ಯಾನಿನ ಡ್ರೈವರು, ದಿನಾ ಬೆಳಗ್ಗೆ ಬ್ರೆಡ್ಡು ಒಯ್ಯುವವನು. ಏನು ಮೇಸ್ತ್ರಿ, ಕೈಗೆ ಚಳಿಯಾ ಎಂದು ಛೇಡಿಸಿದ. ಮೇಸ್ತ್ರಿ ಅಮ್ಮನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ.

"ಕುಷ್ಠ ಆಗಿತ್ತು ಕಣಯ್ಯ. ಮಾತ್ರೆ ತಗೋತಾ ಇದ್ದೀನಿ. ಕೈಗೆ ಬಿಸಿ ಗೊತ್ತಾಗಲ್ಲ, ಅದಕ್ಕೆ ಇದು."

ಡ್ರೈವರು ಬ್ರೆಡ್ಡಿನ ಪೊಟ್ಟಣವನ್ನು ಕೌಂಟರಿನ ಮೇಲೆ ಇಟ್ಟ. ವ್ಯಾನು ಹತ್ತಿ ಹೊರಟುಹೋದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮರುದಿನವೂ ವ್ಯಾನು ನಿಲ್ಲಲಿಲ್ಲ. ಇನ್ನೂ ಒಂದಿಬ್ಬರು ಬರುವುದನ್ನು ಬಿಟ್ಟರು. ವಿಷಯ ಗೊತ್ತಿದ್ದ ಸಿಸ್ಟರ್ ಮಾತ್ರ ಎಂದಿನ ಹಾಗೆ ಬಂದು, ಅಂಗಡಿಯಲ್ಲಿ ನಾಲ್ಕು ಜನ ಇರುವಾಗಲೇ ಬನ್ನು ಮುರಿದು ತಿಂದು ಹೋಗುತ್ತಿದ್ದರು.

ವಾರ ಕಳೆದ ಮೇಲೆ ವ್ಯಾನು ಮತ್ತೆ ನಿಂತಿತು. ಡ್ರೈವರ ಹಿಂದೆ ಒಬ್ಬ ಮುದುಕಿ ಇಳಿದಳು.

"ಇವರು ನಮ್ಮತ್ತೆ," ಎಂದ ಅವನು, ನೆಲ ನೋಡುತ್ತ. "ಬೆನ್ನಲ್ಲೊಂದು ಮಚ್ಚೆ ಇದೆ. ಎಷ್ಟೋ ದಿನದಿಂದ ಇದೆ. ನೀವು ಹೇಳಿದ ಮೇಲೆ ಕೇಳಿ ನೋಡಿದೆ, ಅಲ್ಲೂ ಬಿಸಿ ಗೊತ್ತಾಗಲ್ವಂತೆ, ನವೆಯೂ ಇಲ್ವಂತೆ. ಆ ಡಾಕ್ಟರು ಎಲ್ಲಿರೋದು?"

ಮೇಸ್ತ್ರಿಯ ಅಮ್ಮ ಕೌಂಟರಿನಿಂದ ಎದ್ದಳು. ಚಪ್ಪಲಿ ಹುಡುಕಿದಳು. "ನಡೀರಿ, ನಾನೂ ಅಲ್ಲಿಗೇ ಹೊರಟಿದ್ದೆ. ಮನೆಯವರೂ ತೋರಿಸಿಕೊಳ್ಳಬೇಕಂತೆ," ಎಂದು ಆ ಮುದುಕಿಯ ತೋಳು ಹಿಡಿದುಕೊಂಡಳು.

ಓದುತ್ತಿರುವವರೇ, ಕೇಳುತ್ತಿರುವವರೇ, ಇವತ್ತು ಸ್ನಾನ ಮಾಡುವಾಗ ನಿಮ್ಮ ಮೈಯನ್ನು ಒಂದು ಸಲ ಬೆಳಕಿನಲ್ಲಿ ನೋಡಿಕೊಳ್ಳಿ. ಬೆನ್ನು ನಿಮಗೆ ಕಾಣುವುದಿಲ್ಲ, ಮನೆಯವರಿಗೆ ತೋರಿಸಿ. ನವೆಯಾಗುವುದನ್ನು ನೀವು ಹೇಗೂ ಮರೆಯುವುದಿಲ್ಲ. ಬಣ್ಣ ಮಾಸಿ, ಮುಟ್ಟಿದ್ದು ತಿಳಿಯದೆ, ಸುಮ್ಮನೆ ಕೂತಿರುವ ಜಾಗ ಇದೆಯೇ ಎಂದು ಹುಡುಕಿ. ಇದ್ದರೆ ಯಾರದೋ ಡ್ರಾಯರಿನ ಮುಲಾಮು ಹಚ್ಚಬೇಡಿ, ಹೆದರಿ ಮುಚ್ಚಿಡಲೂ ಬೇಡಿ. ಚರ್ಮದ ಡಾಕ್ಟರ ಹತ್ತಿರ ಹೋಗಿ. ಒಬ್ಬರೇ ಹೋಗಲು ಭಯವಾದರೆ, ಬಹಳ ಪ್ರಶ್ನೆ ಕೇಳುವವರು ಯಾರಾದರೂ ನಿಮ್ಮ ಮನೆಯಲ್ಲೂ ಇರುತ್ತಾರೆ, ಅವರನ್ನು ಕರೆದುಕೊಂಡು ಹೋಗಿ.